ಹಂಪಿ ಬಜಾರಿದ್ದ ಕಾಲ

ಗೈಡ್ ತರಬೇತಿಗೆ ಬಂದಿದ್ದ ಹುಡುಗಿ ವಿರೂಪಾಕ್ಷ ಗುಡಿಯ ಮುಂದೆ ನಿಂತು ಕೇಳಿದಳು: "ಸರ್, ಬಜಾರ ಬಜಾರ ಅಂತೀರಲ್ಲ, ಎಲ್ಲಿತ್ರೀ ಅದು?" ಹಿರಿಯ ಗೈಡ್ ಕೈ ಚಾಚಿ ತೋರಿಸಿದರು. ಗೋಪುರದಿಂದ ಎದುರು ಬಸವಣ್ಣನವರೆಗೆ ಖಾಲಿ ರಥಬೀದಿ, ಎರಡೂ ಬದಿಗೆ ಸಾಲುಮಂಟಪ.

2011ರ ಜುಲೈವರೆಗೂ ಆ ಮಂಟಪಗಳಲ್ಲಿ ಒಂದು ಊರೇ ಸಂಸಾರ ಹೂಡಿತ್ತು. ಬೆಳಗಿನ ಬಸ್ಸು ಇಳಿದರೆ ಮಿರ್ಚಿ ಬಜಿಯ ಘಾಟು, ಮಂಡಕ್ಕಿ ಒಗ್ಗರಣೆಯ ವಾಸನೆ. ಲಂಬಾಣಿ ಹೆಂಗಸರು ಕನ್ನಡಿ ಹೊಲಿದ ಚೀಲ ಹರವಿ ಕೂತಿರುತ್ತಿದ್ದರು. ಒಮ್ಮೆ ವಿದೇಶಿ ಪ್ರವಾಸಿಯೊಬ್ಬ ಬೆಲೆಯನ್ನು ಅರ್ಧಕ್ಕಿಳಿಸಿ ಕೇಳಿದ. ಮಾರುತ್ತಿದ್ದಾಕೆ ಮಾತಾಡದೆ ಚೀಲದ ಒಳಮಗ್ಗುಲು ಹೊರಗೆ ಮಾಡಿ ಒಂದೊಂದೇ ಹೊಲಿಗೆಯ ಮೇಲೆ ಬೆರಳಿಟ್ಟಳು. ಅವಳು ಕೇಳಿದಷ್ಟೂ ಕೊಟ್ಟು ಅವನು ಹೋದ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ವ್ಯಾಪಾರ ಬರುತ್ತಿತ್ತು.

ಎಲ್ಲವೂ ಚೆನ್ನಾಗಿತ್ತೆಂದರೆ ಸುಳ್ಳಾಗುತ್ತದೆ. ಕಲ್ಲುಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು, ಕಂಬಕ್ಕೆ ಮೊಳೆ ಬಿದ್ದಿತ್ತು, ಬಚ್ಚಲು ನೀರು ಮಂಟಪದ ಬುಡಕ್ಕೇ ಹರಿಯುತ್ತಿತ್ತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವನ್ನು ಹಾಗೇ ಬಿಡಲು ಬರುತ್ತಿರಲಿಲ್ಲ. ಗೈಡ್ ಇದನ್ನು ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪುತ್ತಾರೆ. ಅವರಿಗೆ ಇವತ್ತಿಗೂ ಆರದ ಸಿಟ್ಟಿರುವುದು ತೆರವು ಮಾಡಿದ ರೀತಿಯ ಮೇಲೆ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ಮನೆ, ಅಂಗಡಿಗಳ ಮೇಲೆ ಜೆಸಿಬಿ ಹಾಯಿತು. ಮರುವಸತಿಗೆ ಸಿಕ್ಕದ್ದು ದೂರದ ಕಡ್ಡಿರಾಂಪುರದಲ್ಲಿ. ಮನೆ ಕಟ್ಟಲು ಜಾಗವೇನೋ ಸಿಕ್ಕಿತು. ಪ್ರವಾಸಿಗಳು ಅಲ್ಲಿಗೆ ಬರಬೇಕಲ್ಲ?

ಪಕ್ಕದ ಹೊಳೆಯಲ್ಲಿ ಹರಿಗೋಲು ನಡೆಸುವ ಕಸುಬಿನ ಕಥೆ ಇನ್ನೂ ಹಳೆಯದು. ಹದಿನಾರನೇ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಇಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಆಗ ಹೊರಮೈಗೆ ಚರ್ಮವಿತ್ತು. ಗೈಡ್ ಕಂಡ ಕಾಲಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದ್ದವು. ತಳವಾರಘಟ್ಟದಲ್ಲಿ ಒಬ್ಬ ಅಜ್ಜ ಹರಿಗೋಲು ಹೆಣೆಯುತ್ತಿದ್ದ. ಬಿದಿರಿನ ದಬ್ಬೆಯನ್ನು ಮೊಣಕಾಲಿಗೊತ್ತಿ ಬಗ್ಗಿಸಿ, ಸದ್ದು ಕೇಳಿಯೇ ಹಸಿಯೋ ಒಣಗಿದ್ದೋ ಹೇಳುತ್ತಿದ್ದ. ಕಾದ ಡಾಂಬರಿನ ವಾಸನೆ ಅವನ ಅಂಗಿಯಿಂದ ಹೋಗಿದ್ದೇ ಇಲ್ಲ. ಹೊಳೆ ಏರಿದ ದಿನ ಎಷ್ಟು ದುಡ್ಡು ಕೊಡುತ್ತೇವೆಂದರೂ ಹುಟ್ಟು ಮುಟ್ಟುತ್ತಿರಲಿಲ್ಲ.

ಹೊಳೆ ದಾಟಿ ಆನೆಗೊಂದಿಗೆ ಹೋಗಲು ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚಿನಲ್ಲಿ ಕೆಡವಿದರು. ಹಿಂದೆಯೇ ಕೊರೊನಾ ಬಂತು. ಅಡುಗೆಯವರು, ರೂಮ್‌ಬಾಯ್‌ಗಳು, ಬೈಕ್ ಬಾಡಿಗೆಗೆ ಕೊಡುತ್ತಿದ್ದ ಹುಡುಗರು ದಿಕ್ಕಾಪಾಲಾದರು.

ಸರಕಾರ ಸುಮ್ಮನೆ ಕೂತಿಲ್ಲ. ಗೈಡ್ ತರಬೇತಿಯಿದೆ, ನಿರುದ್ಯೋಗಿ ಯುವಕರಿಗೆ ಪ್ರವಾಸಿ ಟ್ಯಾಕ್ಸಿಗೆ ಸಹಾಯಧನ ಬಂದಿದೆ, ಹೂಡಿಕೆದಾರರನ್ನು ಕರೆಯುವ 2024-29ರ ಪ್ರವಾಸೋದ್ಯಮ ನೀತಿಯೂ ಇದೆ. ಪ್ರವಾಸೋದ್ಯಮದವರ ಸಲಹೆ ಕೇಳಲು ಕರೆದ ಒಂದು ಸಭೆಗೆ ಗೈಡ್ ಕೂಡ ಹೋಗಿದ್ದರು. ಮುಂದಿನ ಸಾಲಿನಲ್ಲಿ ಹೋಟೆಲು ಮಾಲೀಕರು, ಟ್ರಾವೆಲ್ಸ್‌ನವರು. ಹರಿಗೋಲಿನವರಲ್ಲಿ, ಚೀಲ ಹೊಲಿಯುವವರಲ್ಲಿ ಒಬ್ಬರನ್ನೂ ಕರೆದಿರಲಿಲ್ಲ. ಹೊಸ ಕೆಲಸ ಎಷ್ಟು ಹುಟ್ಟಿಸಬೇಕೆಂಬ ಲೆಕ್ಕವೇ ಕೊನೆತನಕ ನಡೆಯಿತು. ಇದ್ದ ಕೆಲಸ ಎಷ್ಟು ಹೋಯಿತು ಎಂದು ಗೈಡ್ ಎದ್ದು ಕೇಳಿದಾಗ, ಅದು ಇವತ್ತಿನ ವಿಷಯವಲ್ಲ ಎಂಬ ಉತ್ತರ ಬಂತು.

ತರಬೇತಿಯ ಹುಡುಗಿಗೆ ಅವರು ಇದಿಷ್ಟನ್ನೂ ಹೇಳಿದರು. ಪ್ರವಾಸಿಗಳಿಗೂ ಹೇಳಬೇಕು, ಹಂಪಿಯ ಕಲ್ಲಿನ ರಥದ ಬಗ್ಗೆ ಹೇಳುವಷ್ಟೇ ವಿವರವಾಗಿ ಹೇಳಬೇಕು ಎಂದು ತಾಕೀತು ಮಾಡಿದರು.