ಒಂದು ಲೋಟ ಬಿಯರು

ವಿಶಾಖಪಟ್ಟಣದಲ್ಲಿ ಗೆಳೆಯರೊಬ್ಬರು ನನ್ನನ್ನು ಬಿಯರನ್ನು ಅಲ್ಲಿಯೇ ತಯಾರಿಸುವ ಪಾನಗೃಹಕ್ಕೆ ಕರೆದೊಯ್ದರು. ಗಾಜಿನಾಚೆ ದೊಡ್ಡ ಉಕ್ಕಿನ ಹಂಡೆಗಳು. ಮೊಳಕೆ ಬರಿಸಿದ ಬಾರ್ಲಿ ಬೇಯುವ ವಾಸನೆ ಊರಿನ ಅಂಬಲಿಯ ಒಲೆಯನ್ನು ನೆನಪಿಗೆ ತಂದಿತು. ಸೋಸಿ, ಕೆಡದಂತೆ ಕಾಯಿಸಿ ಸೀಸೆಗೆ ತುಂಬದ ಈ ಬಿಯರು ಬಹಳ ದಿನ ಬಾಳದು, ಹುಟ್ಟಿದಲ್ಲಿಯೇ ಕುಡಿಯಬೇಕು.

ಮರುದಿನ ವಿಜಯವಾಡದ ರೈಲು ಹಿಡಿದೆ. ದಾರಿಯುದ್ದಕ್ಕೂ ತಾಳೆಮರಗಳು. ಅವುಗಳ ಕಳ್ಳಿನ ಗುಣವೂ ಅದೇ: ಬೆಳಗಿನ ಸಿಹಿ ಸಂಜೆಗೆ ಹುಳಿ.

ವಿಜಯವಾಡದಲ್ಲಿಯೂ ಅಂಥದೇ ಪಾನಗೃಹಕ್ಕೆ ಹೋದೆ. ಆದರೆ ಲೋಟವೆತ್ತುವಾಗ ಕೈ ತಡೆಯಿತು. ಇದೇ ರಾಜ್ಯದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿಯ ವಿರುದ್ಧ ಎದ್ದು ನಿಂತರು. 1995ರಲ್ಲಿ ಸಂಪೂರ್ಣ ಪಾನನಿಷೇಧವೇ ಬಂದಿತು, 1997ರಲ್ಲಿ ಸಡಿಲವಾಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಅಷ್ಟರೊಳಗೆ ನನ್ನ ದೊಡ್ಡಪ್ಪ ಅದನ್ನು ಕುಡಿಕುಡಿದೇ ತೀರಿಕೊಂಡಿದ್ದರು. ಬಡವನ ಸಾರಾಯಿ ಹೋಯಿತು, ಉಳ್ಳವರಿಗೆ ಹಂಡೆಗಳು ಬಂದವು ಎಂದು ನ್ಯಾಯ ಹೇಳುವುದು ಸುಲಭ. ಆದರೆ ದೊಡ್ಡವ್ವನ ಎದುರು ಆ ಮಾತು ನನ್ನ ಬಾಯಿಂದ ಹೊರಡದು. ಸಾರಾಯಿ ನಿಂತ ದಿನ ಆಕೆ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಬಿಯರು ಚೆನ್ನಾಗಿಯೇ ಇತ್ತು. ಒಂದು ಲೋಟಕ್ಕೆ ಎದ್ದುಬಿಟ್ಟೆ.

ರಾತ್ರಿ ದೊಡ್ಡವ್ವ ಫೋನಿನಲ್ಲಿ ಕೇಳಿದಳು: “ಅಲ್ಲಿ ಏನೇನು ನೋಡಿದ್ಯೋ ತಮ್ಮಾ?”

“ನಮ್ಮ ಕೃಷ್ಣಾ ಹೊಳಿ ನೋಡಿದೆ, ದೊಡ್ಡವ್ವ,” ಎಂದೆ. ಸುಳ್ಳಲ್ಲ; ಬರುವಾಗ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಿದ್ದೆ. ಉಳಿದದ್ದನ್ನು ಹೇಳಲಿಲ್ಲ.