ಚಿಕ್ಕ ಗೇಟು

ನನ್ನನ್ನು ಬೀಳಿಸಿದ್ದು ಕಾರಲ್ಲ, ಬಸ್ಸಲ್ಲ, ಮರಳು. ದೆಹಲಿಯಲ್ಲಿ ಸೈಕಲ್ ಹೊಡೀತೀನಿ ಅಂದ ದಿನದಿಂದ ತಿಪಟೂರಿನಲ್ಲಿರುವ ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಲಾರಿ, ಬಸ್ಸು, ಕುಡಿದು ಕಾರು ಓಡಿಸುವವರು ಎಂದು ಒಬ್ಬೊಬ್ಬರನ್ನಾಗಿ ಹೆಸರಿಸಿ ಎಚ್ಚರಿಸುತ್ತಾಳೆ. ಮರಳು ಅವಳ ಪಟ್ಟಿಯಲ್ಲಿರಲಿಲ್ಲ. ಆಗಸ್ಟ್ ತಿಂಗಳ ಒಂದು ಸಂಜೆ, ಮಳೆ ನಿಂತು ಹತ್ತು ನಿಮಿಷವಾಗಿತ್ತು. ಹೌಜ್ ಖಾಸ್‌ನ ನಮ್ಮ ಗಲ್ಲಿಯ ತಿರುವಿನಲ್ಲಿ ರಾಶಿ ಹಾಕಿದ್ದ ಬದರ್‌ಪುರ್ ಕೊಚ್ಚಿಕೊಂಡು ಬಂದು ರಸ್ತೆಯ ಅರ್ಧ ಹರಡಿತ್ತು. ಬದರ್‌ಪುರ್ ಅಂದರೆ ಇಲ್ಲಿಯವರು ದಪ್ಪ ಮರಳಿಗೆ ಹೇಳುವ ಹೆಸರು. ಮುಂದಿನ ಚಕ್ರ ಜಾರಿತು, ಎಡಗೈ ಊರಿದೆ, ಮಣಿಕಟ್ಟಿನಲ್ಲಿ ಕಟ್ ಅಂತ ಸದ್ದಾಯಿತು. ಆರು ವಾರ ಪ್ಲಾಸ್ಟರ್.

ಎತ್ತಿದವರು ಆ ಮರಳಿನ ರಾಶಿಯ ಕಾವಲಿಗಿದ್ದ ಚೌಕಿದಾರರು. ಮೊದಲು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದರು. ಆಮೇಲೆ ಸೈಕಲ್ಲಿನ ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಇರುಕಿಸಿಕೊಂಡು, ಸೊಟ್ಟಗಾಗಿದ್ದ ಹ್ಯಾಂಡಲನ್ನು ಒಂದೇ ಸಲ ತಿರುಚಿ ನೆಟ್ಟಗೆ ಮಾಡಿದರು. ಸೈಕಲ್ ಬಲ್ಲವರು ಮಾತ್ರ ಹಾಗೆ ಮಾಡುತ್ತಾರೆ. ಕೈ ನೋಯುತ್ತಿದ್ದರೂ ಅದು ನನ್ನ ಕಣ್ಣಿಗೆ ಬಿತ್ತು.

ಆ ಮರಳು ಬಿದ್ದಿದ್ದ ಸೈಟಿನಲ್ಲಿ ಮೊದಲು ನಿಂತಿದ್ದ ಮನೆಯಲ್ಲೇ ನಾನು ಏಳು ವರ್ಷ ಬಾಡಿಗೆಗಿದ್ದೆ. ಮನೆ ಅಂದರೆ ಬರ್ಸಾತಿ. ದೆಹಲಿಗೆ ಹೊಸದಾಗಿ ಬಂದವರಿಗೆ ಹೇಳಬೇಕು: ಬರ್ಸಾತಿ ಎಂದರೆ ತಾರಸಿಯ ಮೇಲಿನ ಒಂಟಿ ಕೋಣೆ. ಹಿಂದೆಲ್ಲ ಬೇಸಿಗೆಯಲ್ಲಿ ತಾರಸಿಯ ಮೇಲೆ ಮಲಗುತ್ತಿದ್ದವರು ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ಒಳಗೆ ಓಡಲೆಂದು ಕಟ್ಟಿಸಿದ್ದು. ಆಮೇಲೆ ನನ್ನಂಥ ಒಂಟಿ ಬಾಡಿಗೆದಾರರು ಬಂದು ಸೇರಿಕೊಂಡೆವು. ಜೂನ್‌ನಲ್ಲಿ ರೊಟ್ಟಿ ಹೆಂಚು, ಜನವರಿಯಲ್ಲಿ ಐಸ್ ಪೆಟ್ಟಿಗೆ. ಆದರೆ ಎದುರಿಗೆ ಬೇವಿನ ಮರದ ತಲೆ, ಆಚೆಗೆ ಆಕಾಶ. ಕೆಳಗೆ ಮಾಲಕಿ ಆಂಟಿ. ಆರು ವರ್ಷದ ಹುಡುಗಿಯಾಗಿ 1947ರಲ್ಲಿ ಲಾಯಲ್‌ಪುರದಿಂದ ಬಂದವರು. ನಾನು ಹುಳಿ ಮಾಡಿದ ದಿನ ವಾಸನೆ ಹಿಡಿದು "ಬೇಟಾ, ಇವತ್ತು ಇಮ್ಲಿ ಹಾಕಿದ್ದೀಯಾ" ಎಂದು ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದರು.

2021ರ ಚಳಿಗಾಲದ ಮುಂಚೆ ಆಂಟಿ ಮನೆಯನ್ನು ಬಿಲ್ಡರ್ ಒಬ್ಬರಿಗೆ ಕೊಲಾಬರೇಷನ್‌ಗೆ ಕೊಟ್ಟರು. ದಕ್ಷಿಣ ದೆಹಲಿಯಲ್ಲಿ ಈ ಶಬ್ದಕ್ಕೆ ಇರುವುದು ಒಂದೇ ಅರ್ಥ. ಹಳೆಯ ಮನೆಯನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಕೆಡವುತ್ತಾನೆ. ಕಾರು ನಿಲ್ಲಿಸಲು ಕಂಬಗಳ ಮೇಲೊಂದು ಸ್ಟಿಲ್ಟ್, ಅದರ ಮೇಲೆ ನಾಲ್ಕು ಮಹಡಿ ಕಟ್ಟುತ್ತಾನೆ. ಒಂದು ಮಹಡಿ ತಾನು ಇಟ್ಟುಕೊಂಡು ಮಾರುತ್ತಾನೆ, ಉಳಿದದ್ದು ಮನೆಯವರಿಗೆ. ಕಟ್ಟಿ ಮುಗಿಯುವವರೆಗೆ ಮನೆಯವರ ಬಾಡಿಗೆಯನ್ನೂ ಅವನೇ ಕೊಡಬೇಕು. ಕಾಗದದ ಮೇಲೆ ಎಲ್ಲರಿಗೂ ಲಾಭ. ಬರ್ಸಾತಿಯಲ್ಲಿದ್ದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ, ಅದು ಬೇರೆ ಮಾತು. ನಾನು ಎರಡು ಗಲ್ಲಿ ಆಚೆ ಕೋಣೆ ಹಿಡಿದೆ. ಆಂಟಿಯೂ ಅದೇ ಸಾಲಿನಲ್ಲಿ ನೆಲಮಹಡಿಯ ಮನೆಗೆ ಬಂದರು.

ಹದಿನೆಂಟು ತಿಂಗಳು ಎಂದು ಬರೆದಿತ್ತು. ಮೂರು ವರ್ಷ ಕಳೆದಾಗ ಮೂರನೇ ಮಹಡಿಯ ಸ್ಲ್ಯಾಬಿನಿಂದ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಮೇಲಕ್ಕೆ ಎದ್ದು ನಿಂತಿದ್ದವು. ಹಸಿರು ಬಲೆ ಹರಿದು ಗಾಳಿಗೆ ಪಟಪಟ ಅನ್ನುತ್ತಿತ್ತು. ಹದಿನೆಂಟನೇ ತಿಂಗಳಿಗೆ ಸರಿಯಾಗಿ ಬಾಡಿಗೆ ಹಣ ನಿಂತಿತ್ತು. ಬಿಲ್ಡರ್ ಹತ್ತಿರ ಪ್ರತಿ ಋತುವಿಗೂ ಒಂದೊಂದು ಕಾರಣ. ಮಳೆಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಊರಿಗೆ ಹೋದ ಕೂಲಿಗಳು, ಚಳಿಗಾಲದಲ್ಲಿ ಗ್ರ್ಯಾಪ್. ಗ್ರ್ಯಾಪ್ ಎಂದರೆ ಗಾಳಿ ಕೆಟ್ಟಾಗ ಜಾರಿಗೆ ಬರುವ ನಿಯಮಗಳು. 2017ರಿಂದ ಇವೆ. ಹೊಗೆ ಮಿತಿಮೀರಿದಾಗ ಕಟ್ಟಡ ಕೆಲಸ ನಿಲ್ಲಿಸಬೇಕು. ನಿಷೇಧ ಇರುವುದು ಕೆಲವು ವಾರ, ಇವರ ಕೆಲಸ ನಿಲ್ಲುವುದು ಹೋಳಿಯವರೆಗೆ.

ಆಂಟಿಗೆ ಅಂಕಲ್ ಹೋದ ಮೇಲೆ ಕಾಗದಪತ್ರ ನೋಡುವವರಿಲ್ಲ, ಮಗ ಟೊರಾಂಟೊದಲ್ಲಿ. ಹಾಗಾಗಿ ಬಿಲ್ಡರ್‌ಗೆ ಕಳಿಸುವ ಸಂದೇಶಗಳನ್ನು ಬರೆಯುವ ಕೆಲಸ ನನ್ನದಾಯಿತು. ನೀಲಿ ಟಿಕ್ ಬೀಳುತ್ತದೆ, ಉತ್ತರ ಬರುವುದಿಲ್ಲ. ರೇರಾಗೆ ದೂರು ಕೊಡೋಣ ಎಂದು ಉತ್ಸಾಹದಿಂದ ಕಾನೂನು ತೆಗೆದು ಓದಿದೆ. 2016ರ ಆ ಕಾಯ್ದೆಯ ಮೂರನೇ ಸೆಕ್ಷನ್‌ನಲ್ಲೇ ಇತ್ತು: ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟಕ್ಕಿಂತ ಹೆಚ್ಚಿಲ್ಲದಿದ್ದರೆ ನೋಂದಣಿಯೇ ಬೇಡ. ನಾಲ್ಕು ಮಹಡಿಗೆ ನಾಲ್ಕು ಮನೆ. ನಮ್ಮ ಸುತ್ತಲಿನ ಬಿಲ್ಡರ್ ಫ್ಲೋರ್‌ಗಳೆಲ್ಲ ಹೀಗೇ ನುಸುಳಿಕೊಂಡಿವೆ. ಉಳಿದದ್ದು ಒಪ್ಪಂದದ ಕಾಗದ, ವಕೀಲರು, ಸಿವಿಲ್ ಕೋರ್ಟು. ಎಂಬತ್ತು ದಾಟಿದವರಿಗೆ ಸಿವಿಲ್ ಕೋರ್ಟ್ ದಾರಿ ತೋರಿಸಲು ನನಗೆ ನಾಲಿಗೆ ಏಳಲಿಲ್ಲ. ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಸೈಟನ್ನು ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಡುವ ಯೋಚನೆಯಲ್ಲಿರುವ ಗೆಳೆಯರು ಆ ಸೆಕ್ಷನ್ ಒಮ್ಮೆ ಓದಿಕೊಳ್ಳಿ.

ಹೌಜ್ ಖಾಸ್‌ಗೆ ಇದೇನೂ ಹೊಸತಲ್ಲ. ಅಲಾವುದ್ದೀನ್ ಖಿಲ್ಜಿ ಸಿರಿ ಪಟ್ಟಣಕ್ಕೆಂದು ತೋಡಿಸಿದ ಕೆರೆ ಅರ್ಧ ಶತಮಾನದಲ್ಲಿ ಹೂಳು ತುಂಬಿತ್ತು. ಅದರ ಒಡಲಲ್ಲೇ ಜನ ಬೇಸಾಯ ಮಾಡುತ್ತಿದ್ದರು, ಬಾವಿ ತೋಡಿ ನೀರು ಮಾರುತ್ತಿದ್ದರು ಎಂದು ಅದನ್ನು ಮತ್ತೆ ತೆಗೆಸಿದ ಫಿರೋಜ್ ಷಾ ತುಘಲಕ್ ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಆಂಟಿಗೆ ಇದನ್ನು ಹೇಳಿದೆ. "ಅವನು ಸುಲ್ತಾನ, ಬೇಟಾ. ನನ್ನ ಹತ್ತಿರ ನೀನಿದ್ದೀಯ" ಅಂದರು. ಹೊಗಳಿದರೋ ಮರುಗಿದರೋ ಗೊತ್ತಾಗಲಿಲ್ಲ.

ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ವಾರಗಳಲ್ಲಿ ಸಂಜೆ ಹೊತ್ತು ಕಳೆಯಲು ಆ ಸೈಟಿನ ಮುಂದೆ ಹೋಗಿ ಕೂರುವುದು ಅಭ್ಯಾಸವಾಯಿತು. ಚೌಕಿದಾರರು ಬುಂದೇಲ್‌ಖಂಡದ ಟೀಕಮ್‌ಗಢದವರು. ಸಂಸಾರ ಸಂಗಮ್ ವಿಹಾರದಲ್ಲಿ. ಅಲ್ಲಿಂದ ರಾತ್ರಿ ಪಾಳಿಗೆ ಅಟ್ಲಾಸ್ ಸೈಕಲ್ಲಿನಲ್ಲಿ ಬರುತ್ತಾರೆ, ಬೆಳಿಗ್ಗೆ ಅದರಲ್ಲೇ ಹೋಗುತ್ತಾರೆ. ಆ ಸೈಕಲ್ ತಯಾರಾಗುತ್ತಿದ್ದ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಬಾಗಿಲು ಮುಚ್ಚಿತು. ಇವರದು ಅದಕ್ಕೂ ಬಹಳ ಹಿಂದಿನದು. ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಹಗ್ಗ, ಕ್ಯಾರಿಯರಿನಲ್ಲಿ ರೊಟ್ಟಿ ಡಬ್ಬಿ, ಬ್ರೇಕಿಗೆ ಬದಲು ಕಾಲು.

ಅವರ ದಾರಿ ಕೇಳಿದಾಗ ನಾನು ನೆಟ್ಟಗೆ ಕೂತೆ. ಖಾನ್‌ಪುರ, ಅಂಬೇಡ್ಕರ್ ನಗರ, ಶೇಖ್ ಸರಾಯ್, ಚಿರಾಗ್ ದಿಲ್ಲಿ, ಆಮೇಲೆ ಔಟರ್ ರಿಂಗ್ ರಸ್ತೆ. ಇದು ನನ್ನ ದಾರಿ! ಐಐಟಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ, 2010ರ ಸುಮಾರಿಗೆ, ಶೇಖ್ ಸರಾಯ್‌ನಲ್ಲಿ ಕೋಣೆ ಮಾಡಿಕೊಂಡು ಅಲ್ಲಿಂದಲೇ ಸೈಕಲ್ಲಿನಲ್ಲಿ ಬರುತ್ತಿದ್ದೆ. ಆಗ ಅಲ್ಲಿ ಬಿಆರ್‌ಟಿ ಇತ್ತು. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರ್, 2008ರಲ್ಲಿ ಶುರುವಾಗಿದ್ದು. ನಡುವೆ ಬಸ್ಸಿಗೆ ಪ್ರತ್ಯೇಕ ದಾರಿ, ಅಂಚಿನಲ್ಲಿ ಸೈಕಲ್ಲಿಗೆ ಪ್ರತ್ಯೇಕ ದಾರಿ. ಅದರ ಹಿಂದೆ ಇದ್ದವರು ನಮ್ಮ ಕ್ಯಾಂಪಸ್ಸಿನವರೇ, 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡ ಪ್ರೊಫೆಸರ್ ದಿನೇಶ್ ಮೋಹನ್ ಮತ್ತು ಅವರ ಜೊತೆಯವರು. ಕಾರಿನವರಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಅವರ ಸಾಲು ನಿಂತಿರುವಾಗ ಪಕ್ಕದಲ್ಲಿ ಬಸ್ಸು ಸುಮ್ಮನೆ ಹೊರಟುಹೋಗುವುದನ್ನು ನೋಡಬೇಕಲ್ಲ. ಹೈಕೋರ್ಟಿಗೆ ಹೋದರು. 2012ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿ ಬಸ್ಸಿನ ದಾರಿಯನ್ನು ಉಳಿಸಿತು. ಸರ್ಕಾರ ಉಳಿಸಲಿಲ್ಲ. 2016ರಲ್ಲಿ ಒಡೆದುಹಾಕಿದರು. ಆಂಟಿಯೂ ಅದನ್ನು ಬೈಯುತ್ತಿದ್ದವರೇ. ಆಗ ಅವರ ಹತ್ತಿರ ಕಾರಿತ್ತು.

ನಾನು ಹಳೆಯದನ್ನು ನೆನೆದು ಮರುಗುವ ಧಾಟಿಯಲ್ಲಿ ಮಾತು ತೆಗೆದೆ. ಚೌಕಿದಾರರು ನಕ್ಕರು. "ಆ ಸೈಕಲ್ ದಾರಿಯಾ? ಅದರ ತುಂಬ ಮೋಟರ್‌ಸೈಕಲ್ಲೇ ಇರ್ತಿದ್ವು ಭಯ್ಯಾ. ಹಿಂದಿನಿಂದ ಹಾರ್ನ್ ಹೊಡೆದು ಹೊಡೆದು ನಮ್ಮನ್ನೇ ಇಳಿಸ್ತಿದ್ರು." ಹೌದು, ನನಗೂ ನೆನಪಾಯಿತು. ಸ್ವಲ್ಪ ಹೊತ್ತು ಬಿಟ್ಟು ಅವರೇ ಸೇರಿಸಿದರು: "ಆದ್ರೆ ಟ್ರಕ್ ಬರ್ತಿರಲಿಲ್ಲ. ರಾತ್ರಿ ಹೊತ್ತು ಅದೇ ದೊಡ್ಡದು."

ಅವರಿಗೆ ಐದು ತಿಂಗಳ ಸಂಬಳ ಬಂದಿರಲಿಲ್ಲ. ಬಿಟ್ಟು ಬೇರೆ ಕಡೆ ಹೋಗಬಾರದೇ ಎಂದು ಕೇಳಿದೆ. ಕೇಳಬಾರದಿತ್ತೇನೋ. "ಬಿಟ್ರೆ ಐದು ತಿಂಗಳದ್ದು ಹೋಯ್ತು. ಇದ್ರೆ ಆರನೇದೂ ಹೋಗಬಹುದು. ಆದ್ರೆ ಇದ್ರೆ, ಕೇಳೋದಕ್ಕೆ ಒಂದು ಜಾಗ ಇರತ್ತೆ." ಇದನ್ನು ಆಂಟಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮುಂದಿನ ತಿಂಗಳಿಂದ ತಮ್ಮ ಪೆನ್ಷನ್ನಿನಲ್ಲಿ ಒಂದಿಷ್ಟನ್ನು ಲಕೋಟೆಯಲ್ಲಿಟ್ಟು ನನ್ನ ಕೈಯಲ್ಲಿ ಅವರಿಗೆ ಕಳಿಸತೊಡಗಿದರು. ಬಿಲ್ಡರಿನ ಚೌಕಿದಾರರಿಗೆ ಸಂಬಳ ಮನೆ ಕಳೆದುಕೊಂಡವರಿಂದ. ಲೆಕ್ಕವನ್ನು ಮಾತ್ರ ಒಂದು ಡೈರಿಯಲ್ಲಿ ಬರೆದಿಡುತ್ತಾರೆ, ಬಿಲ್ಡರ್‌ನಿಂದ ವಸೂಲು ಮಾಡುವುದಕ್ಕೆ.

ಇಷ್ಟರ ನಡುವೆ ಕಾಲೊನಿಯ ರೆಸಿಡೆಂಟ್ಸ್ ಸಂಘದವರು ಹಿಂದಿನ ಗೇಟನ್ನು ಪೂರ್ತಿ ಮುಚ್ಚುವ ತೀರ್ಮಾನಕ್ಕೆ ಬಂದರು. ಕಾರಣ ಭದ್ರತೆ. ಎರಡು ಮನೆಗಳಲ್ಲಿ ಕಳ್ಳತನವಾಗಿದ್ದು ನಿಜ. ಆದರೆ ಆ ಗೇಟಿನಿಂದ ಬರುವವರು ಯಾರು? ಔಟರ್ ರಿಂಗ್ ರಸ್ತೆಯ ಕಡೆಯಿಂದ ಬರುವ ಅಡುಗೆಯವರು, ಪ್ಲಂಬರ್‌ಗಳು, ಇಸ್ತ್ರಿಯವರು, ಗಾರೆಯವರು, ಚೌಕಿದಾರರು. ಅದು ಮುಚ್ಚಿದರೆ ಅವರೆಲ್ಲ ಅರಬಿಂದೋ ಮಾರ್ಗದ ಕಡೆಯ ದೊಡ್ಡ ಗೇಟಿಗೆ ಸುತ್ತಿ ಬರಬೇಕು. ಯೂ ಟರ್ನ್ ದೂರವಾದ್ದರಿಂದ ಸೈಕಲ್ಲಿನವರು ಎದುರು ದಿಕ್ಕಿನಲ್ಲೇ ಬರುತ್ತಾರೆ, ಬೆಳಕಿಲ್ಲದ ಸೈಕಲ್ಲಿನಲ್ಲಿ, ಫ್ಲೈಓವರ್ ಇಳಿದು ಬರುವ ವಾಹನಗಳಿಗೆ ಮುಖ ಕೊಟ್ಟು. ಆಮೇಲೆ ನಾವೇ ಕಾರಿನೊಳಗೆ ಕೂತು ಈ ಜನಕ್ಕೆ ಟ್ರಾಫಿಕ್ ಸೆನ್ಸ್ ಇಲ್ಲ ಅನ್ನುತ್ತೇವೆ.

ಸಭೆಗೆ ಬಾಡಿಗೆದಾರರನ್ನು ಕರೆಯುವುದಿಲ್ಲ. ಆಂಟಿಯ ಕಡೆಯವನಾಗಿ ಹೋದೆ, ಪ್ಲಾಸ್ಟರ್ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು. ಹೇಳಬೇಕಾದ್ದನ್ನು ಮನೆಯಲ್ಲೇ ಹಿಂದಿಯಲ್ಲಿ ಬರೆದು ಉರು ಹೊಡೆದಿದ್ದೆ. ಅಲ್ಲಿ ನಿಂತಾಗ ಅರ್ಧ ಮರೆತೆ. ಸ್ತ್ರೀಲಿಂಗ ಪುಲ್ಲಿಂಗ ಕಲಸಿ ಮಾತಾಡಿದೆ. ಚೌಕಿದಾರರ ಹೆಸರು ಹೇಳಿದರೆ ಅವರ ಕೆಲಸಕ್ಕೇ ಕುತ್ತು ಬಂದೀತೆಂದು "ಸೈಕಲ್ಲಿನವರು" ಎಂದಷ್ಟೇ ಅಂದೆ. ನಿವೃತ್ತ ಅಧಿಕಾರಿಯೊಬ್ಬರು "ಸೈಕಲ್ ಹೊಡೆಯಬೇಕಾದರೆ ಭಾನುವಾರ ನೆಹರೂ ಪಾರ್ಕಿಗೆ ಹೋಗಿ, ಬೆಳಿಗ್ಗೆ ಆರಕ್ಕೆ ಬಹಳ ಚೆನ್ನಾಗಿರುತ್ತದೆ" ಎಂದು ಪ್ರೀತಿಯಿಂದಲೇ ಸಲಹೆ ಕೊಟ್ಟರು. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಇಡ್ಲಿ ತಿನ್ನುತ್ತಾ ಇದನ್ನು ಹೇಳಿದಾಗ ನಮ್ಮವರೂ ಹೆಚ್ಚು ಕಡಿಮೆ ಅದನ್ನೇ ಅಂದರು: "ಕೈ ಮುರ್ಕೊಂಡಿದ್ದು ಸಾಲ್ದಾ? ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಳ್ರಿ." ತಗೊಳ್ಳಬಹುದು. ನನಗೆ ಇನ್ಶೂರೆನ್ಸ್ ಇದೆ, ಮೆಟ್ರೋ ಕಾರ್ಡ್ ಇದೆ, ಸೈಕಲ್ ಬಿಡುತ್ತೇನೆ ಅಂದರೆ ನಾಳೆಯೇ ಬಿಡಬಹುದು. ಬಿಡಬೇಕೆಂದು ಎರಡು ಸಲ ತೀರ್ಮಾನವನ್ನೂ ಮಾಡಿದ್ದೆ, ಸುಳ್ಳೇಕೆ.

ಸಭೆಯಲ್ಲಿ ಕೊನೆಗೆ ರಾಜಿಯಾಯಿತು. ದೊಡ್ಡ ಗೇಟಿಗೆ ಬೀಗ, ಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಚಿಕ್ಕ ಗೇಟು. ಗೆದ್ದೆ ಅಂದುಕೊಂಡು ಆಂಟಿಗೆ ಮಿಠಾಯಿ ತಂದುಕೊಟ್ಟೆ. ಗೇಟು ಬಂದ ಮೇಲೆ ನೋಡಿದರೆ, ಮೋಟರ್‌ಸೈಕಲ್ ನುಗ್ಗದಿರಲೆಂದು ಅದರ ನಡುವೆ ಎರಡು ಕಬ್ಬಿಣದ ಪೈಪು ನೆಟ್ಟಿದ್ದಾರೆ. ಮನುಷ್ಯ ಹೋಗಬಹುದು. ಸೈಕಲ್ಲಿನ ಹ್ಯಾಂಡಲ್ ಹೋಗುವುದಿಲ್ಲ.

ಪ್ಲಾಸ್ಟರ್ ಬಿಚ್ಚಿಸಿ ಹದಿನೈದು ದಿನವಾದ ಮೇಲೆ ಬೆಳಿಗ್ಗೆ ಏಳಕ್ಕೆ ಸೈಕಲ್ ತಳ್ಳಿಕೊಂಡು ಅಲ್ಲಿಗೆ ಹೋದೆ. ಚೌಕಿದಾರರು ಪಾಳಿ ಮುಗಿಸಿ ಹೊರಟಿದ್ದರು. ಅಟ್ಲಾಸನ್ನು ಹಿಂದಿನ ಚಕ್ರದ ಮೇಲೆ ಕುದುರೆಯಂತೆ ನೆಟ್ಟಗೆ ನಿಲ್ಲಿಸಿ, ಹ್ಯಾಂಡಲನ್ನು ಎದೆಗೆ ಒತ್ತಿಕೊಂಡು, ಪೈಪುಗಳ ನಡುವೆ ಓರೆಯಾಗಿ ಆಚೆ ಜಾರಿಸಿದರು. ರೊಟ್ಟಿ ಡಬ್ಬಿ ಬಾಯಲ್ಲಿ ಕಚ್ಚಿಕೊಂಡಿದ್ದರು. ನನ್ನದು ಗೇರಿನ ಸೈಕಲ್, ಹ್ಯಾಂಡಲ್ ಇನ್ನೂ ಅಗಲ. ಎತ್ತಿ ನಿಲ್ಲಿಸಿದೆ, ಎಡಗೈ ನಡುಗಿತು. ಅವರು ಆಚೆಯಿಂದ ಕೈ ಚಾಚಿ ಮುಂದಿನ ಚಕ್ರ ಹಿಡಿದುಕೊಂಡರು.

"ಹ್ಯಾಂಡಲ್ ಈ ಕಡೆ ತಿರುಗಿಸಿ. ಇನ್ನೂ ಸ್ವಲ್ಪ. ಹಾಂ, ಈಗ ಬಿಡಿ."