ಸಭೆಯನ್ನು ನಡೆಸುವವರನ್ನು ಸಭೆಯೇ ಆರಿಸಬೇಕೆ?

ನಾಲ್ಕು ಜನ ಕೂಡಿ ವಿಚಾರ ಮಾಡುವ ಯಾವುದೇ ಸಭೆಗೂ ಅದನ್ನು ನಡೆಸಿಕೊಡುವವರೊಬ್ಬರು ಬೇಕು. ಯಾರು ಮೊದಲು ಮಾತನಾಡಬೇಕು, ಯಾರ ಮಾತು ಮಿತಿಮೀರಿತು, ಯಾವ ಪ್ರಶ್ನೆಯನ್ನು ಮುಂದಕ್ಕೆ ಹಾಕಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರ ಅವರದು. ನೋಡಲು ಸಣ್ಣದೆನಿಸಿದರೂ ಈ ಅಧಿಕಾರ ಒಬ್ಬರ ಬಾಯಿ ತೆರೆಸಬಲ್ಲುದು, ಇನ್ನೊಬ್ಬರ ಬಾಯಿ ಮುಚ್ಚಿಸಬಲ್ಲುದು.

ನಮ್ಮ ಬಡಾವಣೆಯ ಬಳಗದ ತಿಂಗಳ ಗೋಷ್ಠಿಯನ್ನು ಬಹುಕಾಲದಿಂದ ಹಿರಿಯರು ಸೂಚಿಸಿದವರೇ ನಡೆಸುತ್ತ ಬಂದಿದ್ದಾರೆ. ತಾಯಂದಿರು ಮತ್ತು ತರುಣರು ಕೇಳಿದ ಪ್ರಶ್ನೆಗಳು ಹಲವು ಸಲ ಸಮಯಾಭಾವದ ಕಾರಣದಿಂದ ಉಳಿದುಹೋದವು. ಕ್ರಮೇಣ ಅವರು ಬರುವುದೇ ಕಡಿಮೆಯಾಯಿತು. ಈಗ ತರುಣರು, "ನಮ್ಮ ಗೋಷ್ಠಿಯನ್ನು ನಡೆಸುವವರನ್ನು ನಾವೇ ಮತ ಹಾಕಿ ಆರಿಸುತ್ತೇವೆ" ಎನ್ನುತ್ತಿದ್ದಾರೆ. "ಚುನಾವಣೆ ಬಂದರೆ ಬಳಗ ಎರಡು ಹೋಳಾದೀತು" ಎಂಬುದು ಹಿರಿಯರ ಆತಂಕ. ಎರಡೂ ಮಾತಿನಲ್ಲಿ ಸತ್ಯವಿದೆ.

ನಮ್ಮ ದೇಶದ ಶಾಸನಸಭೆ ಈ ಪ್ರಶ್ನೆಯನ್ನು ಹಿಂದೆಯೇ ಎದುರಿಸಿದೆ. 1921ರಲ್ಲಿ ಆರಂಭವಾದ ಕೇಂದ್ರ ಶಾಸನಸಭೆಗೆ ಮೊದಲ ಅಧ್ಯಕ್ಷರಾದ ಸರ್ ಫ್ರೆಡರಿಕ್ ವೈಟ್ ಅವರನ್ನು ಸರ್ಕಾರವೇ ನೇಮಿಸಿತ್ತು. 1925ರ ಆಗಸ್ಟಿನಲ್ಲಿ ಸದಸ್ಯರೇ ತಮ್ಮ ಅಧ್ಯಕ್ಷರನ್ನು ಆರಿಸಿದಾಗ ವಿಠ್ಠಲಭಾಯಿ ಪಟೇಲರಿಗೆ 58 ಮತಗಳೂ ಎದುರಾಳಿಗೆ 56 ಮತಗಳೂ ಬಂದವು. ಅಂತರ ಎರಡೇ ಮತ! ಆದರೆ ಪೀಠವೇರಿದ ಪಟೇಲರು ತಮ್ಮ ಸ್ವರಾಜ್ಯ ಪಕ್ಷವನ್ನು ತ್ಯಜಿಸಿ, ತಮಗೆ ಮತ ಹಾಕದವರಿಗೂ ಅಧ್ಯಕ್ಷರಾಗಿ ನಡೆದುಕೊಂಡರು. 1927ರಲ್ಲಿ ಅದೇ ಸ್ಥಾನಕ್ಕೆ ಅವರ ಆಯ್ಕೆ ಸರ್ವಾನುಮತದಿಂದ ಆಯಿತು. ಹೋಳಾಗಿದ್ದ ಸಭೆಯನ್ನು ಒಂದುಗೂಡಿಸಿದ್ದು ಅವರ ನಿಷ್ಪಕ್ಷಪಾತ ನಡತೆ.

ನಮ್ಮ ಸಂವಿಧಾನವೂ ಇದೇ ದಾರಿ ಹಿಡಿದಿದೆ. ಲೋಕಸಭೆ ತನ್ನ ಸಭಾಧ್ಯಕ್ಷರನ್ನು ತಾನೇ ಆರಿಸುತ್ತದೆ. ಹದಿನಾಲ್ಕು ದಿನಗಳ ಮುನ್ಸೂಚನೆ ಕೊಟ್ಟು, ಬಹುಮತದ ನಿರ್ಣಯದಿಂದ ಅವರನ್ನು ಇಳಿಸಲೂಬಹುದು. ಆ ನಿರ್ಣಯ ಸಭೆಯ ಮುಂದಿರುವಾಗ ಅವರು ಪೀಠದಲ್ಲಿ ಕೂಡುವಂತಿಲ್ಲ. 1954ರ ಡಿಸೆಂಬರಿನಲ್ಲಿ ಮಾವಳಂಕರರಂಥ ಗಣ್ಯರ ವಿರುದ್ಧವೂ ಇಂಥ ನಿರ್ಣಯ ಬಂದು ಬಿದ್ದುಹೋಯಿತು. ಇದರಿಂದ ಪೀಠದ ಗೌರವ ಕುಗ್ಗಲಿಲ್ಲ.

ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಮತ ಎಣಿಸಿ ಶೂನ್ಯಸಿಂಹಾಸನವೇರಿದರೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಇಲ್ಲ ನಿಜ. ಆದರೆ ನಮ್ಮ ಪರಂಪರೆ ಕಂಡ ಪ್ರಭುಗಳು ಬಸವಣ್ಣನವರನ್ನೂ ಪ್ರಶ್ನಿಸಲು ಹಿಂಜರಿಯದವರು. ಅಲ್ಲಿ ಪೀಠಕ್ಕೆ ತನ್ನವರು, ಪರರು ಎಂಬ ಭೇದವಿರಲಿಲ್ಲ. ಅಂಥ ಅನುಭಾವಿ ದೊರೆತಾಗ ಮತದ ಮಾತೇ ಏಳದು. ಎಲ್ಲ ಕಾಲದಲ್ಲೂ ಅಂಥವರು ದೊರೆಯುವುದಿಲ್ಲವಾದ್ದರಿಂದ ನಮ್ಮಂಥ ಸಾಮಾನ್ಯರಿಗೆ ನಿಯಮ ಬೇಕಾಗುತ್ತದೆ.

ಮತದಾನವೊಂದೇ ಸಾಲದೆಂಬುದನ್ನೂ ಹೇಳಬೇಕು. ನಮ್ಮಲ್ಲಿ ಬೀಗರು, ನೆಂಟರು, ಒಳಪಂಗಡಗಳ ಲೆಕ್ಕ ಹಾಕಿ ಮತ ಕೊಡುವ ರೂಢಿ ಇನ್ನೂ ಅಳಿದಿಲ್ಲ. ಮತಕ್ಕಾಗಿ ಕೈಮುಗಿದವರು ನಾಳೆ ತಮ್ಮವರು ಮಿತಿಮೀರಿದಾಗ "ಸಾಕು, ಕುಳಿತುಕೊಳ್ಳಿ" ಎನ್ನಬಲ್ಲರೇ? ಆದಕಾರಣ ಅವಧಿ ಒಂದು ವರ್ಷಕ್ಕೆ ಸೀಮಿತವಾಗಿರಲಿ. ಮನೆಗೊಂದು ಮತವೆನ್ನದೆ ಗಂಡಸರಿಗೂ ಹೆಂಗಸರಿಗೂ ಒಬ್ಬೊಬ್ಬರಿಗೆ ಒಂದೊಂದು ಮತವಿರಲಿ. ಆರಿಸಿದವರಿಗೆ ಇಳಿಸುವ ಹಕ್ಕೂ ಇರಲಿ; ಅವರ ಮೇಲಿನ ದೂರನ್ನು ಬೇರೊಬ್ಬರು ಕೇಳಲಿ. ಈ ಕಟ್ಟುಪಾಡುಗಳೊಡನೆ ನಾನು ಮತದಾನದ ಪರವಾಗಿದ್ದೇನೆ.

ಮತ ಕೊಟ್ಟವರಿಗೂ ಒಂದು ಕರ್ತವ್ಯವಿದೆ. ನಾವೇ ಆರಿಸಿದವರು ನಮ್ಮ ಮಾತನ್ನೇ ತಡೆದಾಗ ಸಿಡುಕದೆ ತಲೆಬಾಗಬೇಕು. ನಾವು ಒಪ್ಪದವರು ಗೆದ್ದಾಗಲೂ ಗೋಷ್ಠಿಗೆ ಬರುವುದನ್ನು ಬಿಡಬಾರದು. ಈ ಸಂಯಮವಿಲ್ಲದಿದ್ದರೆ ನೇಮಕವೂ ವ್ಯರ್ಥ, ಚುನಾವಣೆಯೂ ವ್ಯರ್ಥ. ಶರಣ ಬಂಧುಗಳು ತಮ್ಮ ತಮ್ಮ ಬಳಗಗಳಲ್ಲಿ ಈ ವಿಷಯವನ್ನು ಶಾಂತಚಿತ್ತದಿಂದ ವಿಚಾರಿಸಬೇಕೆಂದು ವಿನಂತಿಸುತ್ತೇನೆ.